ಬೀದಿಗೊಂದೇ ಕಾಜಾ ಯಂತ್ರ

ಗೋಡೆಯ ಆ ಕಡೆ ಯಂತ್ರ ಒಂಬತ್ತು ಸಲ ಕಟಕಟನೆ ಬಡಿದು ಒಂದು ಗಳಿಗೆ ಸುಮ್ಮನಾದರೆ ಅದು ಒಂದು ಷರ್ಟು. ನಾಲ್ಕು ಸಲ ಬಡಿದು ನಿಂತರೆ ಕೋಟು. ಇದನ್ನು ಕಾಜಾ ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷ ಬೇಡ ಬೇಡವೆಂದರೂ ಕಿವಿಗೆ ಬಿದ್ದು ಬಿದ್ದು ತಾನಾಗಿ ಅಂಟಿಕೊಂಡ ವಿದ್ಯೆ ಅದು. ಒಲೆಯ ಮೇಲೆ ನೀರಿಡುವಾಗ, ಬಟ್ಟೆ ಹಿಂಡುವಾಗ, ಊಟದ ತಟ್ಟೆಯ ಮುಂದೆ ಕೂತಾಗ ಮನಸ್ಸು ಒಂಬತ್ತೊಂಬತ್ತಾಗಿ ಎಣಿಸುತ್ತಲೇ ಇರುತ್ತಿತ್ತು. ಓರಗಿತ್ತಿ ಎಷ್ಟು ದುಡಿದಳೆಂಬುದು ಸಂಜೆಯ ಹೊತ್ತಿಗೆ ಓರಗಿತ್ತಿಗಿಂತ ಮೊದಲು ಇವಳಿಗೇ ಗೊತ್ತಾಗಿಬಿಡುತ್ತಿತ್ತು.

"ರೀ, ಇವತ್ತು ಐನೂರು ಕಾಜಾ ದಾಟಿಸಿದ್ಲು," ಎಂದು ಗಂಡನಿಗೆ ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತದೆ, "ಪಾಪ, ಸಂಬಳ ಇಲ್ಲದೆ ಅವಳಿಗೆ ಎಷ್ಟು ದುಡೀತೀಯೇ ನೀನು," ಎನ್ನುತ್ತಿದ್ದ.

ಗುಂಡಿ ತೂರಿಸಲು ಬಟ್ಟೆಯಲ್ಲಿ ಕತ್ತರಿಸಿ, ಅಂಚಿಗೆ ದಾರ ಸುತ್ತಿ ಭದ್ರಮಾಡುವ ಕಂಡಿಯೇ ಕಾಜಾ. ನೋಡುವುದಕ್ಕೆ ಎಳ್ಳಿನಷ್ಟು ಕೆಲಸ. ಆದರೆ ಅದಿಲ್ಲದೆ ಯಾವ ಅಂಗಿಯೂ ಅಂಗಿಯಾಗುವುದಿಲ್ಲ. ಆ ಬೀದಿಯಲ್ಲಿ ಹನ್ನೊಂದು ದರ್ಜಿ ಅಂಗಡಿಗಳು. ಅಳತೆ ತೆಗೆಯಲು, ಕತ್ತರಿಸಲು, ಹೊಲಿಯಲು ಪ್ರತಿಯೊಬ್ಬನಿಗೂ ಕೈ ಇತ್ತು. ಕಾಜಾ ಮಾಡುವಷ್ಟು ತಾಳ್ಮೆ ಮಾತ್ರ ಒಬ್ಬನಿಗೂ ಇರಲಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷ ಆ ಹನ್ನೊಂದು ಅಂಗಡಿಗಳ ಬಟ್ಟೆಗಳಲ್ಲಿ ಹೆಚ್ಚಿನವು ಇವಳ ಮನೆಯ ಮುಂದಿನ ಕೋಣೆಗೆ ಬಂದು ಹೋಗುತ್ತಿದ್ದವು. ಇವಳೂ ಇನ್ನು ಮೂವರು ಹೆಂಗಸರೂ ಕಿಟಕಿಯ ಬೆಳಕಿಗೆ ಮುಖಮಾಡಿ ಕೂತು, ಮೇಣ ಸವರಿದ ದಾರದಲ್ಲಿ ಒಂದೊಂದೇ ಕಾಜಾ ಕಟ್ಟುತ್ತಿದ್ದರು. ಒಂದಕ್ಕೆ ಹತ್ತು ಕಾಸು. ಬೀದಿಯ ಆ ತುದಿಯಲ್ಲಿ ಇನ್ನಿಬ್ಬರು ಇದೇ ಕೆಲಸ ಮಾಡುತ್ತಿದ್ದುದರಿಂದ ಹತ್ತನ್ನು ಹನ್ನೊಂದು ಮಾಡಲು ಇವಳಿಗೆ ಅವರ ಭಯ, ಅವರಿಗೆ ಇವಳ ಭಯ. ಹಾಗೆಯೇ ನಡೆದುಕೊಂಡು ಹೋಗಿತ್ತು. ಹೆತ್ತವರಿಟ್ಟ ಹೆಸರು ಪಡಿತರ ಚೀಟಿಯಲ್ಲಿ ಉಳಿಯಿತು, ಬೀದಿಗೆಲ್ಲ ಅವಳು ಕಾಜಾ ಅಕ್ಕ.

ಓರಗಿತ್ತಿ ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಎರಡು ಸಲ ದಾರಕ್ಕೆ ಎಂಜಲು ಹಚ್ಚಬೇಕಿತ್ತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಳು ಹಿಡಿದು ಕಲಿಸಿದವಳು ಕಾಜಾ ಅಕ್ಕನೇ. ಹುಡುಗಿಗೆ ಕೂತು ಮಾಡುವ ಕೆಲಸ ಹಿಡಿಸಲಿಲ್ಲ. ಊರಾಚೆಯ ಷರ್ಟಿನ ಫ್ಯಾಕ್ಟರಿಗೆ ಸೇರಿದಳು. ಒಂಬತ್ತು ವರ್ಷದ ಮೇಲೆ ಫ್ಯಾಕ್ಟರಿ ಬಾಗಿಲು ಹಾಕಿತು. ಬರಬೇಕಾಗಿದ್ದ ಸಂಬಳಕ್ಕೆ ಬದಲಾಗಿ ಮಾಲೀಕ ಒಬ್ಬೊಬ್ಬರಿಗೆ ಒಂದೊಂದು ಹಳೆಯ ಸಾಮಾನು ಹೊರಿಸಿ ಕಳಿಸಿದ. ಕೆಲವರಿಗೆ ಇಸ್ತ್ರಿ ಮೇಜು, ಕೆಲವರಿಗೆ ಫ್ಯಾನು. ಓರಗಿತ್ತಿಗೆ ಬಂದದ್ದು ಹಸಿರು ಬಣ್ಣ ಕಿತ್ತುಹೋದ ಕಾಜಾ ಯಂತ್ರ. ಅಣ್ಣತಮ್ಮಂದಿರ ಪಾಲಾದಾಗ ಮನೆಯ ನಡುವೆ ಎದ್ದಿದ್ದ ಗೋಡೆಯ ಆ ಕಡೆ ಅದನ್ನು ಇಳಿಸುವಾಗ ಕಾಜಾ ಅಕ್ಕನೂ ಒಂದು ಕೈ ಹಿಡಿದಿದ್ದಳು. "ನೆಲ ತಗ್ಗಾಗಿದೆ ಕಣೇ, ಕಾಲಿನ ಕೆಳಗೆ ಹಲಗೆ ಚೂರು ಕೊಡು," ಎಂದು ಬುದ್ಧಿಯನ್ನೂ ಹೇಳಿದ್ದಳು. ಅದನ್ನು ನೆನೆದರೆ ಈಗಲೂ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಮೊದಲ ತಿಂಗಳು ಗಿರಾಕಿ ಹಿಡಿಯಲು ಓರಗಿತ್ತಿ ನಷ್ಟವಾದರೂ ಸರಿಯೆಂದು ಒಂದು ಕಾಜಾಕ್ಕೆ ನಾಲ್ಕು ಕಾಸು ಎಂದಳು. ಬೀದಿಗೆ ಬೀದಿಯೇ ಅವಳ ಬಾಗಿಲಿಗೆ ಹೋಯಿತು. ಯಾರು ತಾನೇ ಹೋಗುವುದಿಲ್ಲ? ಕಾಜಾ ಅಕ್ಕನ ಕೋಣೆಯಲ್ಲಿ ನಾಲ್ವರು ಹೆಂಗಸರು ಕೈ ಕಟ್ಟಿ ಕೂತರು. ನಾಲ್ಕು ಕಾಸಿಗೆ ಕೈಯಲ್ಲಿ ಕಟ್ಟಿದರೆ ದಾರದ ಖರ್ಚೂ ಹುಟ್ಟುವುದಿಲ್ಲ. ಮೊದಲು ಒಬ್ಬಳು ತರಕಾರಿ ಗಾಡಿ ಹಿಡಿದಳು. ಇನ್ನೊಬ್ಬಳು ಮಗಳ ಮನೆಗೆ ಹೋದಳು. ಮೂರನೆಯವಳು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಬೀದಿಯ ಆ ತುದಿಯ ಇಬ್ಬರು ಯಾವಾಗ ಬಿಟ್ಟರೆಂಬುದು ಯಾರ ಗಮನಕ್ಕೂ ಬರಲಿಲ್ಲ. ಉಳಿದವಳು ಕಾಜಾ ಅಕ್ಕ ಒಬ್ಬಳೇ. ಮದುವೆ ಕೋಟುಗಳಿಗೆ ಕೈ ಕಾಜಾನೇ ಬೇಕೆನ್ನುವ ಹಳೆಯ ಗಿರಾಕಿಗಳು ಇದ್ದರು, ತಿಂಗಳಿಗೆ ಹತ್ತೋ ಹನ್ನೆರಡೋ ಕೋಟು.

ಇಷ್ಟೆಲ್ಲ ಆದಮೇಲೆ ನಾಲ್ಕು ಇದ್ದದ್ದು ಏಳಾಯಿತು. ಏಳು ಒಂಬತ್ತಾಯಿತು. ಈ ವರ್ಷದ ಮೊದಲಲ್ಲಿ ಹನ್ನೆರಡು. ಕೈಯಲ್ಲಿ ಕಟ್ಟುತ್ತಿದ್ದಾಗಿನ ರೇಟಿಗಿಂತ ಎರಡು ಕಾಸು ಹೆಚ್ಚು.

ರೇಟಿನ ಹಿಂದೆಯೇ ಕಟ್ಟಳೆಗಳು ಬಂದವು. ಗಂಟು ಬೆಳಗ್ಗೆ ಒಂಬತ್ತರೊಳಗೆ ಜಗುಲಿಯ ಮೇಲಿರಬೇಕು. ದರ್ಜಿಗಳು ಯಂತ್ರದ ಹತ್ತಿರ ಬಂದು ನಿಲ್ಲಕೂಡದು, ಹೀಗೆ ಮಾಡು ಹಾಗೆ ಮಾಡು ಎನ್ನಕೂಡದು. ಕೊನೆಯದು ಕಾಜಾ ಅಕ್ಕನ ಹೊಟ್ಟೆಗೇ ಹೊಡೆದದ್ದು: ಒಂದೇ ಒಂದು ಕೋಟನ್ನಾದರೂ ಬೇರೆಯವರ ಕೈಗೆ ಕೊಟ್ಟ ಅಂಗಡಿಯ ಗಂಟು ಆ ವಾರವೆಲ್ಲ ರಾಶಿಯ ತಳದಲ್ಲಿ ಬಿದ್ದಿರುತ್ತದೆ. ಬೇರೆಯವರು ಅಂದರೆ ಇನ್ನಾರು? ಬೀದಿಯಲ್ಲಿ ಇದ್ದದ್ದೇ ಇವಳೊಬ್ಬಳು. ಮದುವೆ ಕೋಟುಗಳೂ ನಿಂತವು.

ಹಿತ್ತಿಲಿನ ನಲ್ಲಿ ಮಾತ್ರ ಇಬ್ಬರಿಗೂ ಒಂದೇ. ಅಲ್ಲಿ ಒಂದು ಬೆಳಗ್ಗೆ ಕಾಜಾ ಅಕ್ಕ ಬಾಯಿ ಬಿಟ್ಟಳು.

"ನನ್ನ ಹತ್ರ ಬರ್ತಿದ್ದದ್ದೇ ಹತ್ತು ಕೋಟು. ಅದರ ಮೇಲೂ ಕಣ್ಣು ಹಾಕಿದೆಯಲ್ಲೇ."

"ನಾನೆಲ್ಲಿ ಹಾಕಿದೆ ಅಕ್ಕ? ಬಂದವರಿಗೆ ಬೇಡ ಅನ್ನೋಕಾಗುತ್ತಾ?" ಓರಗಿತ್ತಿ ಕೊಡವನ್ನು ಹುಳಿ ಹಚ್ಚಿ ತಿಕ್ಕುತ್ತಿದ್ದಳು. ದನಿ ಬೆಣ್ಣೆಯಂತಿತ್ತು.

"ಅಂಗಡಿಯವರ ಜುಟ್ಟು ಹಿಡ್ಕೊಂಡು ಆಡಿಸ್ತಿದ್ದೀಯ."

"ಜುಟ್ಟು ಅವರೇ ತಂದು ಕೈಗೆ ಕೊಡ್ತಾರೆ. ನಂಗೂ ಕೈ ಖಾಲಿ ಇರುತ್ತೆ, ಹಿಡ್ಕೋತೀನಿ." ತಿಕ್ಕಿದ ಕೊಡವನ್ನು ನಲ್ಲಿಯ ಕೆಳಗಿಟ್ಟು ತುಂಬಿಸಿದಳು. ಸೊಂಟಕ್ಕೇರಿಸಿಕೊಂಡು, "ನೀನು ಸುಮ್ನೆ ಆರಾಮಾಗಿರು ಅಕ್ಕ. ಕಣ್ಣೂ ಮಂಜಾಗೋ ವಯಸ್ಸು," ಎಂದು ಸೇರಿಸಿ ಒಳಗೆ ನಡೆದಳು.

ಕಾಜಾ ಅಕ್ಕ ನಲ್ಲಿಯ ಕೆಳಗೆ ಕೊಡ ಇಡುವುದನ್ನೂ ಮರೆತು ನಿಂತಳು. ನೀರು ಕಾಲ ಮೇಲೆಯೇ ಹರಿದು ಹೋಯಿತು. ಕಾಸು ಹೋದರೆ ಸಂಕಟವಾಗುತ್ತದೆ, ನಿಜ. ಆದರೆ ಗಂಡನ ಸಂಬಳದಲ್ಲಿ ಮನೆ ಹೇಗೋ ನಡೆಯುತ್ತಿತ್ತು. ಇದು ಬೇರೆಯ ಸಂಕಟ. ಬೆಳಗಾದರೆ ಹನ್ನೊಂದು ಜನ ಬಾಗಿಲಲ್ಲಿ ನಿಂತು "ಅಕ್ಕಾ" ಎನ್ನುತ್ತಿದ್ದರು. ಈಗ ಅದೇ ಹನ್ನೊಂದು ಜನ ಪಕ್ಕದ ಬಾಗಿಲಲ್ಲಿ ನಿಲ್ಲುತ್ತಾರೆ, ಇವಳ ಕಡೆ ನೋಡಿ ನಾಚಿಕೆಯಿಂದ ನಗುತ್ತಾರೆ. ಹೆಂಗಸಿನ ಕೈಗೆ ಕೆಲಸ ಹತ್ತಿ, ಆ ಕೆಲಸಕ್ಕೆ ಅವಳ ಹೆಸರೇ ಹತ್ತಿದ ಮೇಲೆ, ಅದು ಹೋದರೆ ಮನೆಯಲ್ಲಿ ಎಲ್ಲಿ ಕೂರಬೇಕೆಂದೇ ತಿಳಿಯುವುದಿಲ್ಲ. ಕಿಟಕಿಯ ಬಳಿ ಕೂತರೆ ಬೀದಿ ಕಾಣುತ್ತದೆ. ಒಳಗೆ ಕೂತರೆ ಯಂತ್ರ ಕೇಳುತ್ತದೆ. ಮೊನ್ನೆಯಂತೂ ಹೊಸದಾಗಿ ಬಂದ ದರ್ಜಿಯೊಬ್ಬ ಜಗುಲಿಗೆ ಬಂದು, "ಕಾಜಾ ಅಕ್ಕನ ಮನೆ ಇದೇನಾ?" ಎಂದು ಕೇಳಿದ. ಇವಳು ಎದ್ದು ಸೆರಗು ಸರಿಮಾಡಿಕೊಂಡು "ಹೌದು" ಎನ್ನುವಷ್ಟರಲ್ಲಿ ಅವನು, "ಮಿಷನ್ನಿನವರು?" ಎಂದ. ಕೈ ತಾನಾಗಿ ಪಕ್ಕದ ಬಾಗಿಲನ್ನು ತೋರಿಸಿತು. ಆ ಕೈಯನ್ನು ಅವಳು ಆಮೇಲೆ ಬಹಳ ಹೊತ್ತು ನೋಡಿಕೊಂಡಳು.

ಹನ್ನೆರಡು ಕಾಸಾದ ಮೇಲೆ ದರ್ಜಿಗಳಿಗೂ ತಾಳ್ಮೆ ತಪ್ಪಿತು. ಒಂದು ಮಧ್ಯಾಹ್ನ ಮೂವರು ಬಂದರು. ಮುಂದಾಳು ಕೋಟು ಮಾವ, ಬೀದಿಯಲ್ಲೇ ಹಿರಿಯ ದರ್ಜಿ. ಹೊಟ್ಟೆ ಎಷ್ಟು ದೊಡ್ಡದೆಂದರೆ ತನ್ನ ಅಳತೆಯನ್ನು ತಾನೇ ತೆಗೆಯಲಾಗದೆ ಬೇರೆಯವರ ಕೈಲಿ ತೆಗೆಸುತ್ತಿದ್ದ.

"ಅಮ್ಮಾ, ಅವಳು ನಮ್ಮನ್ನ ಹಿಂಡ್ತಿದ್ದಾಳೆ," ಎಂದ. "ನಾವು ಗಿರಾಕಿಗೆ ಅಂಗಿ ರೇಟು ಏರಿಸಿದ್ವಿ. ಗಿರಾಕಿ ರೆಡಿಮೇಡ್ ಅಂಗಡಿಗೆ ಹೋದ. ಹೀಗೇ ಆದ್ರೆ ನಾವೂ ಮುಚ್ಕೊಂಡು ಹೋಗ್ಬೇಕು."

"ನಾಲ್ಕು ಕಾಸು ಅಂದಾಗ ಕುಣಿದುಕೊಂಡು ಹೋದ್ರಲ್ಲ?"

"ಹೋದ್ವಿ. ಬುದ್ಧಿ ಇರ್ಲಿಲ್ಲ."

"ಈಗ ಬಂತಾ?"

"ಹನ್ನೆರಡು ಕಾಸಿನಷ್ಟು ಬಂದಿದೆ," ಎಂದ ಹಿಂದೆ ನಿಂತಿದ್ದ ಷರ್ಟಿನವನು, ಷರ್ಟಷ್ಟೇ ಹೊಲಿಯುವ ದರ್ಜಿ. ಮೂವರೂ ನಕ್ಕರು. ಕಾಜಾ ಅಕ್ಕನೂ ನಗು ತಡೆಯಲಾರದೆ ಮುಖ ತಿರುಗಿಸಿದಳು.

"ನೀವೂ ಒಂದು ಮಿಷನ್ ತಗೊಳ್ಳಿ ಅಮ್ಮ," ಎಂದ ಕೋಟು ಮಾವ. "ನಮ್ಮ ಕೆಲಸವೆಲ್ಲ ನಿಮಗೇ. ಮಾತು ಅಂದ್ರೆ ಮಾತು."

ಮರುದಿನವೇ ಅವಳು ಪೆಟ್ಟಿಗೆಯಿಂದ ಇಸ್ತ್ರಿ ಸೀರೆ ತೆಗೆದು ಉಟ್ಟು ಯಂತ್ರ ಮಾರುವ ಅಂಗಡಿಗೆ ಹೋದಳು. ಅಲ್ಲಿನ ರಿಪೇರಿಯವನೇ ಓರಗಿತ್ತಿಯ ಯಂತ್ರಕ್ಕೂ ಎಣ್ಣೆ ಬಿಡುವವನು. ಒಳಗಿನದೆಲ್ಲ ಬಲ್ಲವನು. ಹೊಸ ಯಂತ್ರದ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಿ ತೋರಿಸಿದ. ಕೆನೆಬಣ್ಣದ್ದು, ಮಗುವಿನ ಕೆನ್ನೆಯಂತೆ ನುಣುಪು. ಕಾಜಾ ಅಕ್ಕ ಬೆರಳಿನಿಂದ ಸವರಿದಳು.

"ಹೇಳ್ಲಾ ಬೇಡ್ವಾ ಅಂತ ಯೋಚಿಸ್ತಿದ್ದೀನಿ," ಎಂದ ಅವನು. "ಮಾರೋದು ನನ್ನ ಹೊಟ್ಟೆಪಾಡು. ಆದ್ರೂ ಹೇಳ್ತೀನಿ. ಇದು ದಿನಕ್ಕೆ ಸಾವಿರದೈನೂರು ಕಾಜಾ ಹೊಡೆಯುತ್ತೆ. ನಿಮ್ಮ ಬೀದೀಲಿ ಬರೋದು ಐನೂರು. ಅವಳ ಮಿಷನ್ನೇ ಅರ್ಧ ಹೊಟ್ಟೆಗೆ ಓಡ್ತಿದೆ. ಇನ್ನೊಂದು ಬಂದ್ರೆ ಎರಡಕ್ಕೂ ಉಪವಾಸ."

"ನಾನು ಕಡಿಮೆ ರೇಟಿಗೆ ಮಾಡ್ತೀನಿ. ಎಲ್ಲಾರೂ ನನ್ನ ಹತ್ರಾನೇ ಬರ್ತಾರೆ."

"ಅವಳು ಇನ್ನೂ ಇಳಿಸ್ತಾಳೆ. ಅವಳ ಮಿಷನ್ನಿಗೆ ಕಂತಿಲ್ಲ, ಮೂಲೇಲಿ ನಿಂತ್ರೂ ನಷ್ಟ ಇಲ್ಲ. ನಿಮ್ಮದು ತಿಂಗಳು ತಿಂಗಳು ಕಂತು ಕೇಳುತ್ತೆ. ಯಾರು ಹೆಚ್ಚು ದಿನ ಉಪವಾಸ ಇರಬಲ್ಲರೋ ಅವರು ಉಳ್ಕೋತಾರೆ. ಆ ದರ್ಜಿಗಳ ಮಾತು ನಂಬಬೇಡಿ. ಅವರು ನಾಲ್ಕಾಣೆ ಉಳಿಯೋ ಕಡೆಗೆ ನಡೀತಾರೆ, ಅದರಲ್ಲಿ ತಪ್ಪೇನಿಲ್ಲ."

ವಾಪಸು ನಡೆಯುತ್ತ ಅವಳ ತಲೆ ಕುದಿಯುತ್ತಿತ್ತು. ಕಂತು ಕಟ್ಟಿಯೇ ತೀರುತ್ತೇನೆ. ಮೂರು ಕಾಸಿಗೆ ಮಾಡುತ್ತೇನೆ. ಅವಳು ಎರಡಕ್ಕೆ ಇಳಿದರೆ ಇಳಿಯಲಿ, ಒಂದು ವರ್ಷ ಹಲ್ಲು ಕಚ್ಚಿ ಕೂತುಬಿಡುತ್ತೇನೆ. ಅವಳು ಯಂತ್ರವನ್ನು ಗುಜರಿಗೆ ಹಾಕುವವರೆಗೆ. ಆಮೇಲೆ ಬೀದಿಗೆ ನಾನೊಬ್ಬಳೇ. ಆಮೇಲೆ ಕಂತಿನ ದುಡ್ಡೆಲ್ಲ ಹುಟ್ಟಬೇಕಲ್ಲ, ರೇಟು ಹದಿಮೂರು ಮಾಡಿದರಾಯಿತು.

ಹದಿಮೂರು!

ಬೀದಿಯ ನಡುವೆ ನಿಂತುಬಿಟ್ಟಳು. ಹಿಂದಿನಿಂದ ಬಂದ ಸೈಕಲ್ಲಿನವನು ಗಂಟೆ ಬಾರಿಸಿ ಬೈದುಕೊಂಡು ಹೋದ. ತಾನು ಇಷ್ಟು ದಿನ ಓರಗಿತ್ತಿಯ ಅನ್ಯಾಯ ಅನ್ಯಾಯವೆಂದು ಕುದಿದದ್ದು ಅನ್ಯಾಯಕ್ಕಲ್ಲ. ಯಂತ್ರದ ಮುಂದಿನ ಆ ಸ್ಟೂಲಿನ ಮೇಲೆ ತಾನು ಕೂತಿಲ್ಲವಲ್ಲ ಎಂದು. ಇದು ಹೊಳೆದಾಗ ಅವಳಿಗೆ ನಾಚಿಕೆಯಾಯಿತು. ಆದರೆ ಹೊಟ್ಟೆಕಿಚ್ಚು ನಾಚಿಕೆಗೆಲ್ಲ ಆರುವಂಥದ್ದಲ್ಲ. ಮನೆಗೆ ಬರುವ ಹೊತ್ತಿಗೆ ಮತ್ತೆ ಮೊದಲಿನಷ್ಟೇ ಉರಿಯುತ್ತಿತ್ತು. ಯಂತ್ರ ಕೊಳ್ಳುವ ಮಾತು ಮಾತ್ರ ಅಲ್ಲಿಗೇ ಬಿಟ್ಟಳು.

ಹೀಗಿರುವಾಗ ಕೋಟು ಮಾವನಿಗೆ ಆಸ್ಪತ್ರೆಯೊಂದರ ದಾದಿಯರಿಗೆ ನಲವತ್ತೆಂಟು ಬಿಳಿ ಕೋಟು ಹೊಲಿಯುವ ಕೆಲಸ ಸಿಕ್ಕಿತು. ಶುಕ್ರವಾರ ಮುಟ್ಟಿಸಬೇಕು. ಸೋಮವಾರ ಬೆಳಗ್ಗೆ ಗಂಟು ತಂದು ಜಗುಲಿಯ ಮೇಲಿಟ್ಟು, ಕಟ್ಟಳೆಯಂತೆ ಮಾತಿಲ್ಲದೆ ಹೋದ. ಜಗುಲಿ ಎರಡು ಮನೆಗೂ ಒಂದೇ. ಗುಡಿಸಲು ಬಂದ ಕಾಜಾ ಅಕ್ಕನ ಕಣ್ಣು ಗಂಟಿನ ಮೇಲೆ ಬಿತ್ತು. ಕಣ್ಣಿಗಿಂತ ಮೊದಲು ಕೈ ಹೋಯಿತು, ಹಳೆಯ ಚಾಳಿ. ಮೇಲಿನ ಕೋಟಿನ ತೋಳಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದಳು.

ಕೋಟು ಒಳಮೈ ಹೊರಗಾಗಿತ್ತು. ಒಂದಲ್ಲ, ಎಲ್ಲವೂ.

ಬಿಳಿ ಬಟ್ಟೆ ಕೊಳೆಯಾದೀತೆಂದು ಮಗುಚಿ ಮಡಿಸುವುದು ಕೋಟು ಮಾವನ ಅಭ್ಯಾಸ. ಅವನ ಹೊಲಿಗೆ ಒಳಗೂ ಹೊರಗೂ ಒಂದೇ ಸಮ, ಅದು ಅವನ ಹೆಮ್ಮೆ. ಜೇಬನ್ನು ಅವನು ಕಾಜಾ ಆದಮೇಲೆಯೇ ಹಚ್ಚುವುದು. ಜೇಬೂ ಇಲ್ಲದ ಮೇಲೆ ಕೈಯಿಂದ ಮುಟ್ಟದೆ ಒಳ ಹೊರ ತಿಳಿಯಲು ಬೇರೆ ದಾರಿಯಿಲ್ಲ. ಹೆಂಗಸರ ಕೋಟಿಗೆ ಕಾಜಾ ಬಲಗಡೆ, ಗುಂಡಿ ಎಡಗಡೆ. ಮಗುಚಿದ ಕೋಟಿನಲ್ಲಿ ಬಲವೇ ಎಡವಾಗುತ್ತದೆ. ಕೈಕೆಲಸದ ದಿನಗಳಲ್ಲಿ ಬ್ಲೇಡು ಇಡುವ ಮೊದಲು ಪ್ರತಿಯೊಂದನ್ನೂ ತಿಕ್ಕಿ ನೋಡಿ ತಿರುಗಿಸದೆ ಇವಳು ಒಂದು ದಾರವನ್ನೂ ಕತ್ತರಿಸುತ್ತಿರಲಿಲ್ಲ. ಮೊದಮೊದಲು ಓರಗಿತ್ತಿಯೂ ಪ್ರತಿ ಗಂಟಿಗೆ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಳು. ಕೆಟ್ಟರೂ ಕೆಡದಿದ್ದರೂ ಬರುವವರು ಇಲ್ಲಿಗೇ ಬರಬೇಕಲ್ಲ.

ಓರಗಿತ್ತಿಯ ಬಾಗಿಲು ತೆರೆದಿತ್ತು. "ಕೋಟು ಮಗುಚಿದೆ ಕಣೇ" ಎಂದರೆ ಮುಗಿಯಿತು. ಮೂರು ಮಾತು. ಕಾಜಾ ಅಕ್ಕ ಪೊರಕೆ ಹಿಡಿದು ನಿಂತಳು. ಒಳಗಿನಿಂದ ಓರಗಿತ್ತಿ ಬಂದು, "ಗುಡಿಸಿ ಆಯ್ತಾ ಅಕ್ಕ? ಧೂಳು ಎಬ್ಬಿಸಬೇಡ, ಬಿಳೀ ಬಟ್ಟೆ ಇದೆ," ಎಂದು ಗಂಟೆತ್ತಿಕೊಂಡು ಹೋದಳು.

ಕಾಜಾ ಅಕ್ಕ ಉಳಿದ ಜಗುಲಿಯನ್ನೂ ಗುಡಿಸಿ ಮುಗಿಸಿದಳು.

ಒಳಗೆ ಬಂದು ಕಿಟಕಿಯ ಬಳಿ ಕೂತಳು. ಯಂತ್ರ ಶುರುವಾಯಿತು. ನಾಲ್ಕು ಬಡಿತ, ಮೌನ. ನಾಲ್ಕು ಬಡಿತ, ಮೌನ. ಒಂದು ಕೋಟು, ಎರಡು ಕೋಟು. ಇನ್ನೂ ಎರಡೇ ತಾನೇ, ಈಗ ಹೇಳಿದರೂ ಆಗುತ್ತದೆ ಎಂದುಕೊಂಡಳು. ಐದಾಯಿತು. ಹೇಳಿದರೆ ಏನು ಸಿಗುತ್ತದೆ? "ಅಯ್ಯೋ ಒಳ್ಳೇದಾಯ್ತು ಅಕ್ಕ" ಎಂದು ಹಲ್ಲು ಕಿರಿದು ನಾಳೆಯಿಂದ ಹದಿನಾಲ್ಕು ಕಾಸು ಮಾಡುತ್ತಾಳೆ. ಹತ್ತಾಯಿತು. ಎದೆಯೊಳಗೆ ಏನೋ ಸಿಹಿಯಾಗಿ ಇಳಿಯುತ್ತಿತ್ತು, ಅದರ ಹಿಂದೆಯೇ ನಾಚಿಕೆಯೂ. ಗಂಡ ಪೇಪರು ಮಡಿಸಿ, "ಯಾಕೇ ಮುಖ ಹಾಗಿದೆ?" ಎಂದ. "ಏನಿಲ್ಲ, ಪಿತ್ತ," ಎಂದಳು. ಹದಿನೈದರ ಹೊತ್ತಿಗೆ ಎದ್ದು ಬಾಗಿಲವರೆಗೂ ಹೋದಳು. ಚಿಲಕಕ್ಕೆ ಕೈಯಿಟ್ಟಳು. ಹದಿನಾರು. ಇನ್ನು ಹೇಳಿದರೂ ಕೆಟ್ಟದ್ದು ಕೆಟ್ಟಿದೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬೇರೆ ಬರುತ್ತದೆ. ತಿರುಗಿ ಬಂದು ಕೂತಳು. ನಲವತ್ತೆಂಟೂ ಮುಗಿಯುವವರೆಗೆ ಅಲುಗಲಿಲ್ಲ.

ಮಧ್ಯಾಹ್ನ ಕೋಟು ಮಾವನ ಕೂಗು ಬೀದಿಯ ಕೊನೆಗೂ ಕೇಳಿಸಿತು.

"ನೂರ ತೊಂಬತ್ತೆರಡು ತೂತು! ಎಲ್ಲಾ ತಪ್ಪು ಕಡೆ! ಹೆಂಗಸರ ಕೋಟು ಇದು, ಗಂಡಸರದ್ದಲ್ಲ! ಬಟ್ಟೆ ಆಸ್ಪತ್ರೆಯವರದ್ದು, ನಾನು ಎಲ್ಲಿಂದ ತರಲಿ?"

"ಮಗುಚಿ ತಂದಿಟ್ಟಿದ್ದು ನೀವು! ಹೇಳಬೇಕು ತಾನೇ!"

"ಹತ್ರ ಬರಬೇಡಿ, ಮಾತಾಡಬೇಡಿ ಅಂದವಳು ಯಾರಮ್ಮ?"

ಕೊನೆಗೆ ಇಬ್ಬರೂ ಇವಳ ಬಾಗಿಲಿಗೆ ಬಂದರು. ಎರಡು ವರ್ಷದಲ್ಲಿ ಮೊದಲ ಸಲ ಓರಗಿತ್ತಿ ಈ ಹೊಸಿಲು ದಾಟಿದಳು. ಅವಳ ಕೈಯಲ್ಲಿ ಒಂದು ಕೋಟಿತ್ತು.

ಕಾಜಾ ಅಕ್ಕ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. ದಾರಿ ಇತ್ತು. ತಪ್ಪು ಕಡೆಯ ಕಂಡಿಯ ಹಿಂದೆ ಅದೇ ಬಟ್ಟೆಯ ಚೂರಿಟ್ಟು, ಸಣ್ಣ ಸೂಜಿಯಲ್ಲಿ ಎಳೆಗೆ ಎಳೆ ಕೂಡಿಸಿ ಮುಚ್ಚಬೇಕು. ಗುಂಡಿ ಬರುವುದು ಸರಿಯಾಗಿ ಅದರ ಮೇಲೆಯೇ. ಗುಂಡಿ ಕೂತರೆ ಗಾಯ ಕಾಣುವುದಿಲ್ಲ. ಬಲಗಡೆ ಹೊಸ ಕಾಜಾವನ್ನು ಯಂತ್ರವೇ ಹೊಡೆಯುತ್ತದೆ.

"ಮುಚ್ಚಬಹುದು," ಎಂದಳು.

"ಕಾಪಾಡಿದ್ರಿ!" ಕೋಟು ಮಾವ ಅಲ್ಲೇ ಕುಕ್ಕರಿಸಿದ. "ಇದನ್ನ ಮಾಡೋರು ಇನ್ನು ಯಾರಿದ್ದಾರೆ ಈ ಊರಲ್ಲಿ?"

ಯಾರೂ ಇರಲಿಲ್ಲ. ಒಬ್ಬಳು ತರಕಾರಿ ಮಾರುತ್ತಿದ್ದಳು, ಒಬ್ಬಳು ನೆಲ ಒರೆಸುತ್ತಿದ್ದಳು. ಈ ಮೂರು ದಿನ ಈ ಕೆಲಸಕ್ಕೆ ಬೀದಿಯಲ್ಲಿ ಕಾಜಾ ಅಕ್ಕನೊಬ್ಬಳೇ. ಅದು ಮನಸ್ಸಿಗೆ ಬಂದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಓರಗಿತ್ತಿಗೆ ದಿನವೂ ಹೀಗೇ ಅನ್ನಿಸುತ್ತಿತ್ತೇನೋ! ಎಂಥ ಸುಖ ಇದು. ಬಿಡಲು ಮನಸ್ಸಾಗದ್ದು ಸಹಜವೇ.

"ನೀವು ಹೋಗಿ ಮಾವ. ನಾವಿಬ್ಬರು ಮಾತಾಡ್ಕೋತೀವಿ," ಎಂದು ಅವನನ್ನು ಕಳಿಸಿದಳು.

"ನಿನ್ನ ರೇಟು ಹೇಳು ಅಕ್ಕ. ಎಷ್ಟಾದ್ರೂ ಕೊಡ್ತೀನಿ," ಓರಗಿತ್ತಿ ನೆಲ ನೋಡುತ್ತ ಹೇಳಿದಳು.

"ಕಾಸು ಬೇಡ. ಮಿಷನ್ನು ಬೇಕು."

"ಏನಂದೆ?"

"ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ನಾನು ಕೂರ್ತೀನಿ. ಒಂದರ ಮೇಲೆ ನೀನು. ನನ್ನ ಹೊತ್ತಲ್ಲಿ ನನ್ನ ರೇಟು, ನಿನ್ನ ಹೊತ್ತಲ್ಲಿ ನಿನ್ನ ರೇಟು. ಯಾರಿಗೆ ಎಲ್ಲಿ ಬೇಕೋ ಅಲ್ಲಿ ಬರ್ಲಿ. ತಳಕ್ಕೆ ಹಾಕೋ ಆಟ ಇಲ್ಲ. ಕಾಜಾಕ್ಕೆ ಒಂದು ಕಾಸು ನಿನಗೆ ಬಾಡಿಗೆ. ಎಣ್ಣೆ, ಸೂಜಿ, ರಿಪೇರಿ ಅರ್ಧರ್ಧ."

"ಅದು ನನ್ನದು ಅಕ್ಕ! ತಿಂಗಳುಗಟ್ಟಲೆ ದುಡಿದ ಸಂಬಳ ಅದು!"

"ಬೀದಿ ನನ್ನದಾಗಿತ್ತು. ಅದು ಇಪ್ಪತ್ತೆರಡು ವರ್ಷ ದುಡಿದದ್ದು."

ಓರಗಿತ್ತಿಯ ಕಣ್ಣು ತುಂಬಿತು. ಬೇಡವೆನ್ನಲು ಅವಳಿಗೆ ದಾರಿಯಿರಲಿಲ್ಲ. ನಲವತ್ತೆಂಟು ಕೋಟಿನ ಬಟ್ಟೆಯ ಬೆಲೆ ತೆರಬೇಕಾದರೆ ಯಂತ್ರವನ್ನೇ ಮಾರಬೇಕಿತ್ತು. "ಆಗ್ಲಿ," ಎಂದಳು.

ಮೂರು ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಕೂತರು. ಒಬ್ಬಳು ಮುಚ್ಚುವುದು, ಒಬ್ಬಳು ಹೊಡೆಯುವುದು. ಎರಡನೆಯ ದಿನ ಓರಗಿತ್ತಿ ಯಂತ್ರ ನಿಲ್ಲಿಸಿ ತಟ್ಟನೆ ಕೇಳಿದಳು.

"ಅವತ್ತು ಗಂಟು ಜಗುಲಿ ಮೇಲಿತ್ತು. ನೀನು ಗುಡಿಸ್ತಿದ್ದೆ. ನೋಡ್ಲಿಲ್ವಾ?"

ಕಾಜಾ ಅಕ್ಕನ ಸೂಜಿ ನಿಂತಿತು. ಇಲ್ಲ ಎನ್ನುವುದು ಸುಲಭವಿತ್ತು.

"ನೋಡಿದೆ."

"ಮುಟ್ಟಿ?"

"ಮುಟ್ಟಿ."

ಓರಗಿತ್ತಿ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು. "ಒಂದು ಸಲಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹದಿನೈದನೇ ಕೋಟಿಗೆ ಅನ್ನಿಸ್ತು. ಬಾಗಿಲವರೆಗೂ ಬಂದೆ."

"ಆಮೇಲೆ?"

"ಹೇಗೂ ಹದಿನೈದು ಕೆಟ್ಟಿದೆಯಲ್ಲ ಅಂತ ವಾಪಸ್ ಹೋದೆ."

ಆಮೇಲೆ ಓರಗಿತ್ತಿ ತಿರುಗಿದಳು. ಮುಖದಲ್ಲಿ ಅಳುವೂ ಇತ್ತು, ಸಿಟ್ಟೂ ಇತ್ತು. "ನಿನ್ನ ಜಾಗದಲ್ಲಿ ನಾನಾಗಿದ್ರೆ ಒಂದಕ್ಕೂ ಏಳ್ತಿರ್ಲಿಲ್ಲ," ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಿನ್ನ ಕೋಣೇಲಿ ನಾಲ್ಕು ಜನ ನಗ್ತಾ ಕೆಲಸ ಮಾಡೋದು ಕೇಳಿಸ್ತಿತ್ತು, ನಾನು ಫ್ಯಾಕ್ಟರಿಗೆ ಹೊರಡೋವಾಗ. ನನಗೆ ಅಲ್ಲಿ ಪಕ್ಕದವಳ ಹತ್ರ ಮಾತಾಡಿದ್ರೆ ಸಂಬಳ ಹಿಡೀತಿದ್ರು. ಹೊಟ್ಟೆ ಉರೀತಿತ್ತು ಅಕ್ಕ." ಮತ್ತೆ ಸ್ಟೂಲಿನ ಮೇಲೆ ಕೂತಳು. "ಆ ದಾರ ಸ್ವಲ್ಪ ಬಿಗಿ ಎಳಿ. ಗುಂಡಿ ಜೋತುಬೀಳುತ್ತೆ."

"ನನಗೇ ಹೇಳಿಕೊಡ್ತೀಯಾ?" ಎಂದಳು ಕಾಜಾ ಅಕ್ಕ. ಬಿಗಿಯಾಗಿಯೇ ಎಳೆದಳು.

ಶುಕ್ರವಾರ ಕೋಟುಗಳು ಹೋದವು. ಭಾನುವಾರ ಸಂಜೆ ಓರಗಿತ್ತಿ ಬಂದು ಕೂತು, ದನಿ ತಗ್ಗಿಸಿ ಹೇಳಿದಳು. "ಅಕ್ಕ, ಯೋಚಿಸಿದೆ. ಇಬ್ಬರೂ ಹನ್ನೆರಡೇ ಇಟ್ಕೊಳ್ಳೋಣ. ಬೆಳಗ್ಗೆ ಬಂದ್ರೂ ಹನ್ನೆರಡು, ಮಧ್ಯಾಹ್ನ ಬಂದ್ರೂ ಹನ್ನೆರಡು. ದರ್ಜಿಗಳು ಎಲ್ಲಿಗೆ ಹೋಗ್ತಾರೆ? ನಾವು ನಾವು ಕಚ್ಚಾಡಿದ್ರೆ ಅವರಿಗೇ ಲಾಭ."

ಮಾತು ನೂರಕ್ಕೆ ನೂರು ಸರಿಯಾಗಿತ್ತು. ಕಾಜಾ ಅಕ್ಕನಿಗೆ ಅದರಲ್ಲಿ ಒಂದು ಕೊರತೆಯೂ ಕಾಣಲಿಲ್ಲ. "ಹೂಂ ಕಣೇ, ಹನ್ನೆರಡು," ಎಂದಳು, ಮನಸಾರೆ. ಓರಗಿತ್ತಿ ಕಾಫಿ ಕುಡಿದು ಹೋದಳು.

ಸೋಮವಾರ ಒಂಬತ್ತಕ್ಕೆ ಕಾಜಾ ಅಕ್ಕ ಯಂತ್ರದ ಮುಂದೆ ಕೂತಳು. ಮೊದಲು ಬಂದವನು ಕೋಟು ಮಾವ. ಎರಡು ಕಂಕುಳಲ್ಲಿ ಎರಡು ಗಂಟು. ಒಂದನ್ನು ಮೇಜಿನ ಮೇಲಿಟ್ಟ. ಇನ್ನೊಂದನ್ನು ಕೆಳಗಿಳಿಸಲಿಲ್ಲ.

"ಅದು?" ಎಂದಳು.

"ಅದು ಮಧ್ಯಾಹ್ನಕ್ಕೆ. ಅವಳಿಗೂ ಒಂದಿರಲಿ ಅಂತ. ಒಂದೇ ರೇಟಾದ್ರೆ ಇಬ್ಬರಿಗೂ ಸಮಾಧಾನ ಆಗ್ಬೇಕಲ್ಲಮ್ಮ. ರೇಟು ಎಷ್ಟು?"

ಹನ್ನೆರಡು ಎಂದು ನಾಲಗೆಯ ತುದಿಗೆ ಬಂದಿತ್ತು. ಕಣ್ಣು ಆ ಎರಡನೆಯ ಗಂಟಿನ ಮೇಲೆ ನೆಟ್ಟಿತ್ತು. ದಪ್ಪ ಗಂಟು. ತನಗೆ ಕೊಟ್ಟದ್ದಕ್ಕಿಂತ ದಪ್ಪ. ಅದು ಅವಳ ಕೈಗೆ ಹೋಗುತ್ತದೆ, ಅವಳು ಅದನ್ನು ಬಿಚ್ಚುತ್ತಾಳೆ, ಸಂಜೆಯವರೆಗೆ ಹೊಡೆಯುತ್ತಾಳೆ.

"ಹನ್ನೊಂದು," ಎಂದಳು ಕಾಜಾ ಅಕ್ಕ.

ಕೋಟು ಮಾವನ ಹುಬ್ಬು ಹಾರಿತು. ಎರಡನೆಯ ಗಂಟೂ ಮೇಜಿನ ಮೇಲೆ ಬಂತು.

ಮಧ್ಯಾಹ್ನ ಓರಗಿತ್ತಿಯ ರೇಟು ಹತ್ತಾಯಿತು. ಅವಳು ಇವಳ ಮುಖ ನೋಡಲಿಲ್ಲ, ಇವಳೂ ಅವಳ ಮುಖ ನೋಡಲಿಲ್ಲ. ಮಂಗಳವಾರ ಬೆಳಗ್ಗೆ ಒಂಬತ್ತು. ವಾರ ಕಳೆಯುವುದರೊಳಗೆ ಆರಕ್ಕೆ ಬಂದು ನಿಂತಿತು. ಅದಕ್ಕಿಂತ ಕೆಳಗಿಳಿದರೆ ದಾರವೂ ಕರೆಂಟೂ ನುಂಗಿಬಿಡುತ್ತವೆಂದು ಇಬ್ಬರಿಗೂ ಗೊತ್ತಿತ್ತು. ರೇಟು ಇಳಿಸಲಾಗದೆ ಓರಗಿತ್ತಿ ಪ್ರತಿ ಬಟ್ಟೆಯನ್ನೂ ತಿರುಗಿಸಿ ನೋಡಿ, "ಇದು ಯಾವ ಕಡೆ ಅಣ್ಣ?" ಎಂದು ನಯವಾಗಿ ಕೇಳತೊಡಗಿದಳು. ಅದನ್ನು ಕೇಳಿಸಿಕೊಂಡ ಕಾಜಾ ಅಕ್ಕ ದಾರದ ತುದಿಗಳನ್ನು ಪುಕ್ಕಟೆಯಾಗಿ ಕತ್ತರಿಸಿ ಕೊಡತೊಡಗಿದಳು. ದರ್ಜಿಗಳ ಮುಖದಲ್ಲಿ ಕಳೆ ಬಂತು. ಷರ್ಟಿನವನು ಗಿರಾಕಿಗಳಿಗೆ ರೇಟು ಇಳಿಸಿ ಬೋರ್ಡನ್ನೇ ಬರೆಸಿದ. ಬೀದಿಗೆ ಕೆಲಸ ಹೆಚ್ಚಿತು.

"ನಿಮ್ಮಿಬ್ಬರಿಗೂ ಸ್ವಲ್ಪ ಹೊಂದಾಣಿಕೆ ಇದ್ದಿದ್ರೆ ರಾಣಿಯರ ಹಾಗಿರಬಹುದಿತ್ತು," ಎಂದ ಗಂಡ.

"ಹೌದು," ಎಂದಳು ಕಾಜಾ ಅಕ್ಕ. ಅವಳಿಗೂ ಅದು ಗೊತ್ತಿತ್ತು. ಹೊಂದಿಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೆ. ತಾನು ಆರು ಗಳಿಸಿ ಅವಳು ಆರು ಗಳಿಸಿದರೆ, ಅದರಲ್ಲಿ ಅವಳ ಆರೇ ದಪ್ಪವಾಗಿ ಕಾಣುತ್ತದೆ.

ತಿಂಗಳ ಕೊನೆಯ ದಿನ. ಗಂಟೆ ಒಂದಾಗುತ್ತಿತ್ತು. ಕಾಜಾ ಅಕ್ಕ ಒಂದು ಕೊನೆಯ ಷರ್ಟಿಗೆ ಯಂತ್ರ ಒತ್ತುತ್ತಿದ್ದಳು. ಓರಗಿತ್ತಿ ಹೊಸಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದಳು. ಅಷ್ಟರಲ್ಲಿ ಕೋಟು ಮಾವ ಏದುಸಿರು ಬಿಡುತ್ತ ಜಗುಲಿ ಹತ್ತಿದ. ತೋಳ ತುಂಬ ದೊಡ್ಡದೊಂದು ಗಂಟು, ಮುಖ ಕೂಡ ಅದರ ಹಿಂದೆ ಅರ್ಧ ಮರೆ. ಬಾಗಿಲಲ್ಲಿ ನಿಂತು ಇವಳನ್ನೊಮ್ಮೆ ಅವಳನ್ನೊಮ್ಮೆ ನೋಡಿದ.

"ಇದು ಯಾರ ಹೊತ್ತು?" ಎಂದು ಕೇಳಿದ.

"ನನ್ನದು," ಎಂದರು ಇಬ್ಬರೂ ಒಟ್ಟಿಗೆ. ನಾಲ್ಕು ಕೈ ಗಂಟಿನ ಕಡೆಗೆ ಚಾಚಿದವು.